ಹಿಂದಿನ ಚಕ್ರ ಎಷ್ಟು ಇಂಚು ಅಂತ ಯಾಕೆ ಯಾರೂ ಹೇಳುವುದಿಲ್ಲ?

ಟಯರು ಎಷ್ಟು ಇಂಚು ಅಂತ ಕೇಳಿದರೆ ಬ್ಲೂಟೂತ್ ತೋರಿಸುತ್ತಾರೆ ಮಾರಾಯ್ರೆ! ಇವತ್ತು ಸಂಜೆ ಸ್ಕೂಟರ್ ಶೋರೂಮಿನಿಂದ ಹೊರಗೆ ಬಂದವನಿಗೆ ಇನ್ನೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಾ ಇದ್ದೇನೆ. ಆ ಹುಡುಗನ ಮೇಲೆ ಸಿಟ್ಟಲ್ಲ. ಕನ್ನಡ, ತುಳು, ಮಲಯಾಳ ಮೂರರಲ್ಲೂ ಚಂದ ಮಾತಾಡಿದ ಪಾಪ. ಮೊಬೈಲು ಜೋಡಿಸಿದರೆ ಸ್ಕ್ರೀನಿನಲ್ಲಿ ದಾರಿ ಬರುತ್ತದೆ ಎಂದ, ಫೋನ್ ಬಂದದ್ದು ಕಾಣುತ್ತದೆ ಎಂದ, ಎಲ್‌ಇಡಿ ಉರಿಸಿ ತೋರಿಸಿದ. ಹಿಂದಿನ ಚಕ್ರ ಹತ್ತು ಇಂಚಾ ಹನ್ನೆರಡಾ ಅಂದೆ. ಅವನಿಗೆ ಗೊತ್ತಿಲ್ಲ. ಒಳಗೆ ಹೋಗಿ ಕೇಳಿ ಬಂದ, ಅಲ್ಲಿಯೂ ಗೊತ್ತಿಲ್ಲ. ಕೊನೆಗೆ ನಾನೇ ಕುಕ್ಕರಗಾಲಲ್ಲಿ ಕೂತು ಟಯರಿನ ಮೇಲಿನ ಅಕ್ಷರ ಓದಿದೆ. ಕೊನೆಯ ಅಂಕಿ 10. ಎದುರಿನಿಂದ ನೋಡಿದರೆ ಎರಡು ಸ್ಕೂಟರಿನಷ್ಟು ಅಗಲ, ಹಿಂದೆ ಮಾತ್ರ ನನ್ನ ಹಳೇ ಆಕ್ಟಿವಾಕ್ಕೆ ಇರುವಷ್ಟೇ ಚಕ್ರ. ಇದಕ್ಕೆ ‘ಮ್ಯಾಕ್ಸಿ’, ಅಂದರೆ ದೊಡ್ಡ ಸ್ಕೂಟರ್, ಅಂತ ಹೆಸರು.

ನನ್ನ ದಾರಿ ನಿಮಗೆಲ್ಲ ಗೊತ್ತೇ ಉಂಟು. ಕಾಸರಗೋಡು ಜಿಲ್ಲೆಯ ಸೀತಾಂಗೋಳಿಯಿಂದ ಹೊರಟು ಕುಂಬಳೆಯಲ್ಲಿ ನನ್ನ ಹೆಂಡತಿಯನ್ನು ಇಳಿಸಿ, ಶಿರಿಯ, ಬಂದ್ಯೋಡು, ಉಪ್ಪಳ, ಹೊಸಂಗಡಿ, ಕೇರಳದ ಗಡಿ ತಲಪಾಡಿ ದಾಟಿ ಮಂಗಳೂರಿನ ಹತ್ತಿರದ ತೊಕ್ಕೊಟ್ಟು. ಸಂಜೆ ಅದೇ ದಾರಿಯಲ್ಲಿ ವಾಪಸು. ತಲಪಾಡಿಯಿಂದ ಚೆಂಗಳದವರೆಗೆ 39 ಕಿ.ಮೀ. ಹೈವೇ ಆರು ಪಥ ಆಯಿತಲ್ಲ, ಇನ್ನೇನು ಕಷ್ಟ ಅಂತ ಕೇಳುವವರು ಕಾರಿನಲ್ಲಿ ಹೋಗುವವರು. ಸ್ಕೂಟರಿನವನಿಗೆ ಸಿಗುವುದು ಸರ್ವಿಸ್ ರೋಡು. ಅದರ ಬದಿಗೆ ಚರಂಡಿಯ ಸ್ಲ್ಯಾಬು, ಸ್ಲ್ಯಾಬಿಗೂ ಡಾಮರಿಗೂ ನಡುವೆ ಮೆಟ್ಟಿಲು. ಎದುರಿನಿಂದ ಬಸ್ಸು ಬಂದರೆ ಆ ಮೆಟ್ಟಿಲ ಮೇಲೆಯೇ ಹತ್ತಬೇಕು. ಮೇಲಿನ ರಸ್ತೆಗೆ ಹೋದರೆ ಕಂಟೈನರ್ ಲಾರಿ ಹಾದುಹೋಗುವ ಗಾಳಿಗೆ ಹ್ಯಾಂಡಲ್ ಎಳೆದ ಹಾಗೆ ಆಗುತ್ತದೆ. ಶಿರಿಯ ಸೇತುವೆಯ ಮೇಲೆ ಆ ಗಾಳಿಗೆ ಹೊಳೆಯ ಗಾಳಿಯೂ ಸೇರುತ್ತದೆ.

ಮತ್ತೆ ಮೀನಿನ ಲಾರಿ. ಐಸು ಕರಗಿದ ನೀರು ಹಿಂದಿನ ಬಾಗಿಲಿನಿಂದ ಒಂದೇ ಗೆರೆಯಾಗಿ ಸುರಿಯುತ್ತಾ ಹೋಗುತ್ತದೆ. ಬಿಸಿಲಿಗೆ ಒಣಗಿದರೂ ಅದರ ಜಿಡ್ಡು ಹೋಗುವುದಿಲ್ಲ. ಮೊದಲ ಮಳೆಹನಿ ಬಿದ್ದ ಕೂಡಲೇ ಅದು ಎದ್ದು ಬರುತ್ತದೆ, ನೊರೆ ನೊರೆಯಾಗಿ. ಅದರ ಮೇಲೆ ಬ್ರೇಕ್ ಹಿಡಿದು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ನಮ್ಮ ಜಿಲ್ಲೆಗೆ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಬದುಕು. ಇಂಥ ದಾರಿಗೆ ಸ್ಕೂಟರ್ ಬೇಕು ಅಂತ ಹೋದವನಿಗೆ ಬ್ಲೂಟೂತ್!

ಸ್ಕೂಟರಿನಲ್ಲಿ ಭಾರ ಎಲ್ಲ ಎಲ್ಲಿ ಬೀಳುತ್ತದೆ, ಯೋಚಿಸಿ. ಇಂಜಿನ್ ಹಿಂದೆ, ಕೂರುವವ ಹಿಂದೆ, ಅವನ ಹಿಂದೆ ಹೆಂಡತಿ. ಆ ಚಕ್ರವನ್ನೇ ಎಲ್ಲಕ್ಕಿಂತ ಸಣ್ಣದು ಮಾಡುತ್ತಾರೆ. ಕಾರಣ ಇಲ್ಲದೆ ಅಲ್ಲ. ಇಂಜಿನ್ನೂ ಹಿಂದಿನ ಚಕ್ರವೂ ಒಟ್ಟಿಗೇ ಮೇಲೆ ಕೆಳಗೆ ಆಡುವುದರಿಂದ, ಚಕ್ರ ಸಣ್ಣದಿದ್ದರೆ ಸೀಟಿನ ಅಡಿಯಲ್ಲಿ ಜಾಗ ಸಿಗುತ್ತದೆ, ಸೀಟೂ ತಗ್ಗಿಗೆ ಬರುತ್ತದೆ. ಪೇಟೆಯೊಳಗೆ ತರಕಾರಿ ತರುವುದಕ್ಕೆ ಅದು ಸರಿಯೇ. ಆದರೆ ಹೊಂಡದ ಅಂಚು ಸಿಕ್ಕಾಗ ಹತ್ತು ಇಂಚಿನದ್ದು ಒಳಗೆ ಇಳಿದು ಕುಟ್ಟುತ್ತದೆ, ಹದಿನಾಲ್ಕು ಇಂಚಿನದ್ದು ಆ ಹೊಂಡವನ್ನೇ ದಾಟಿಸಿಕೊಂಡು ಹೋಗುತ್ತದೆ. ಬೆನ್ನಿಗೆ ಗೊತ್ತಾಗುವ ವ್ಯತ್ಯಾಸ ಇದು.

ಹಾಗಾಗಿ ದೊಡ್ಡ ಸ್ಕೂಟರ್ ಬೇಡ ಅಂತ ನಾನು ಹೇಳುವುದಿಲ್ಲ. ದೊಡ್ಡದು ಯಾವುದು ಅಂತ ಕೇಳುತ್ತಿದ್ದೇನೆ. ಯಮಹಾ ಏರಾಕ್ಸ್ 155, 2021ರಲ್ಲಿ ನಮ್ಮಲ್ಲಿಗೆ ಬಂದದ್ದು, ಎರಡೂ ಕಡೆ 14 ಇಂಚು. ಹೀರೋ ಝೂಮ್ 160 ಕೂಡ 14. ಏಪ್ರಿಲಿಯಾ ಎಸ್‌ಎಕ್ಸ್‌ಆರ್ 160ಕ್ಕೆ 12. ಮೂರಕ್ಕೂ ಮುಂದಿನ ಚಕ್ರಕ್ಕೆ ಎಬಿಎಸ್ ಎಂಬ ಬ್ರೇಕ್ ವ್ಯವಸ್ಥೆ ಉಂಟು, ಯಾಕೆಂದರೆ 125 ಸಿಸಿ ದಾಟಿದ ಗಾಡಿಗಳಿಗೆಲ್ಲ 2019ರ ಏಪ್ರಿಲ್‌ನಿಂದ ಅದು ಕಡ್ಡಾಯ. ಅದಕ್ಕಿಂತ ಕೆಳಗಿನದಕ್ಕೆ ಆ ನಿಯಮದಲ್ಲಿ ಎರಡು ಬ್ರೇಕೂ ಒಟ್ಟಿಗೆ ಹಿಡಿಯುವ ವ್ಯವಸ್ಥೆ ಇದ್ದರೆ ಸಾಕು. ಮೀನಿನ ನೀರಿನ ಮೇಲೆ ಚಕ್ರ ಕಚ್ಚಿ ನಿಲ್ಲದ ಹಾಗೆ ನೋಡಿಕೊಳ್ಳುವುದು ಎಬಿಎಸ್ ಮಾತ್ರ. 125ರ ಒಂದು ಗೆರೆ ದಾಟಿದರೆ ನನಗೆ ಸಿಗುವ ದೊಡ್ಡ ಲಾಭ ಇದು, ಸ್ಪೀಡಲ್ಲ. ಈ ಮಾತನ್ನು ಮಾರುವವರು ಯಾರಾದರೂ ಮೊದಲಿಗೆ ಹೇಳಬೇಕಿತ್ತಲ್ಲ?

ಭಾವ ಮೊನ್ನೆ ಮನೆಗೆ ಬಂದವರು ಒಂದೇ ಮಾತು ಹೇಳಿದರು: “ಎಂತಕೆ ಭಾವ ಅಷ್ಟು ದೊಡ್ಡದು? ಹಿಂಡಿ ಗೋಣಿ ಎಲ್ಲಿ ಮಡುಗುದು?” ಮಾತು ಸುಳ್ಳಲ್ಲ. ಏರಾಕ್ಸಿಗೂ ಝೂಮಿಗೂ ಕಾಲಿಡುವಲ್ಲಿ ನಡುವೆ ದಿಂಡು ಎದ್ದಿದೆ. ಹಿಂಡಿ ಗೋಣಿ, ಗ್ಯಾಸ್ ಸಿಲಿಂಡರ್, ಬಾಳೆಗೊನೆ ಯಾವುದನ್ನೂ ಅಲ್ಲಿ ಇಡಲಿಕ್ಕಾಗದು. ಆದರೆ ಹಿಂಡಿ ತಿಂಗಳಿಗೆ ಎಷ್ಟು ಸಲ ತರುತ್ತೇವೆ? ಅಂಗಡಿಗೆ ಫೋನ್ ಮಾಡಿದರೆ ರಿಕ್ಷಾದಲ್ಲಿ ಕಳಿಸುತ್ತಾರೆ. ಇವಳು ದಿನಾ ನನ್ನ ಹಿಂದೆ ಕೂರುತ್ತಾಳೆ. ಗೋಣಿಗೆ ಬೇಕಾದ ಜಾಗವನ್ನು ಲೆಕ್ಕ ಹಾಕುವವರು ಮನುಷ್ಯರ ಬೆನ್ನುಮೂಳೆಯನ್ನು ಯಾಕೆ ಲೆಕ್ಕ ಹಾಕುವುದಿಲ್ಲ ಎಂಬುದು ನನ್ನ ಪ್ರಶ್ನೆ.

ಗೇರಿನ ಬೈಕ್ ತೆಗೊಳ್ಳಿ, 17 ಇಂಚಿನ ಚಕ್ರ ಸಿಗುತ್ತದೆ ಅನ್ನುವವರೂ ಇದ್ದಾರೆ. ತೊಕ್ಕೊಟ್ಟಿನ ಸಂಜೆಯ ಟ್ರಾಫಿಕ್ಕಿನಲ್ಲಿ ಕ್ಲಚ್ ಹಿಡಿದು ಹಿಡಿದು ಸಾಕಾಗಿಯೇ ನಾನು ಬೈಕ್ ಬಿಟ್ಟವನು. ಆ ಮಾತು ಅಲ್ಲಿಗೆ ಮುಗಿಯಿತು. ಬಸ್ಸಿನ ವಿಷಯವೂ ಹಾಗೆಯೇ. ಹೈವೇಯಲ್ಲಿ ಎರಡೂ ರಾಜ್ಯಗಳ ಸರ್ಕಾರಿ ಬಸ್ಸು ಬೇಕಾದಷ್ಟು ಉಂಟು, ಕುಂಬಳೆಯಿಂದ ಒಳಗೆ ಬರುವುದಕ್ಕೆ ರಾತ್ರಿ ಯಾವುದೂ ಸಿಗುವುದಿಲ್ಲ.

ದುಡ್ಡಿನ ಮಾತು ಬರಲೇಬೇಕು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಒಳಗಿನ ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದಕ್ಕೇ ನಾನು ಶೋರೂಮಿನ ಮೆಟ್ಟಿಲು ಹತ್ತಿದ್ದು. ಮೈಲೇಜು ಸ್ವಲ್ಪ ಕಮ್ಮಿಯಾಗುತ್ತದೆ, ಆಗಲಿ. ನಾವು ಗಡಿಯವರು ಪೆಟ್ರೋಲನ್ನು ತಲಪಾಡಿಯ ಆಚೆಯೇ ಹಾಕಿಸುವುದು, ಕೇರಳಕ್ಕಿಂತ ಅಲ್ಲಿ ಅಗ್ಗ. ಆದರೆ ಏರಾಕ್ಸಿನ ಟ್ಯಾಂಕ್ 5.5 ಲೀಟರು, ಆಕ್ಟಿವಾದ್ದು 5.3. ದೂರ ಹೋಗಲಿಕ್ಕೆಂದೇ ಮಾಡಿದ ಗಾಡಿಗೆ ಇಷ್ಟೇನಾ? ಝೂಮಿನದ್ದು 7 ಲೀಟರು ಎಂಬ ಕಾರಣಕ್ಕೇ ಮನಸ್ಸು ಆ ಕಡೆಗೂ ಎಳೆಯುತ್ತಿದೆ. ಝೂಮಿನ ತೂಕ ಮಾತ್ರ 142 ಕಿಲೋ, ಏರಾಕ್ಸಿನದ್ದು 126. ನಮ್ಮ ಅಂಗಳದ ಏರಿನಲ್ಲಿ ಆ ತೂಕವನ್ನು ಇವಳು ಒಬ್ಬಳೇ ಹಿಂದಕ್ಕೆ ತಳ್ಳಬಲ್ಲಳಾ ಅಂತ ನೋಡಬೇಕು. ಭಾನುವಾರ ಗಾಡಿ ತೆಗೆಯುವುದು ಅವಳು.

ಯಾರಿಗೂ ಹೇಳದ ಒಂದು ವಿಷಯ ಇಲ್ಲಿ ಹೇಳಿಬಿಡುತ್ತೇನೆ. ನನಗೆ ಹೆದರಿಕೆ ಆಗುತ್ತದೆ. ಒಬ್ಬನೇ ಇದ್ದಾಗ ಇಲ್ಲ. ಕುಂಬಳೆಯಿಂದ ಇವಳು ಹತ್ತಿದ ಮೇಲೆ, ಮಳೆಗೆ ಕತ್ತಲಾದ ಮೇಲೆ, ಸೀತಾಂಗೋಳಿ ರಸ್ತೆಯ ತಿರುವಿನಲ್ಲಿ ಕೆಂಪುಕಲ್ಲಿನ ಲಾರಿ ಎದುರಾದಾಗ ಕೈ ತಣ್ಣಗಾಗುತ್ತದೆ. ಹಿಂದಿನ ಚಕ್ರ ಜಾರಿದರೆ ಮೊದಲು ಬೀಳುವುದು ಅವಳು. 2019ರ ಡಿಸೆಂಬರ್‌ನಿಂದ ಕೇರಳದಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ, ಅವಳು ತಪ್ಪದೆ ಹಾಕುತ್ತಾಳೆ. ಆದರೆ ಹೆಲ್ಮೆಟ್ ಬಿದ್ದ ಮೇಲಿನ ಮಾತು. ಬೀಳದ ಹಾಗೆ ಮಾಡುವುದು ಚಕ್ರ ಮತ್ತು ಬ್ರೇಕು. ಅವೆರಡರ ಬಗ್ಗೆ ಕೇಳಿದವನಿಗೆ ಉತ್ತರ ಕೊಡದೆ ಸ್ಕ್ರೀನಿನ ಬಣ್ಣ ಬದಲಿಸಿ ತೋರಿಸಿದರೆ ನನಗೆ ಸಿಟ್ಟು ಬರುತ್ತದೆ, ಬರಬೇಕು.

ಹತ್ತು ಇಂಚಿನದ್ದನ್ನಂತೂ, ಎಷ್ಟೇ ಅಗಲದ ಮೈ ಹೊದಿಸಿ ಕೊಟ್ಟರೂ ತೆಗೊಳ್ಳುವುದಿಲ್ಲ. ಅದು ತೀರ್ಮಾನ ಆಯಿತು. ಉಳಿದದ್ದು ಏರಾಕ್ಸೋ ಝೂಮೋ ಎಂಬುದು. ಏರಾಕ್ಸಿನ ಹಿಂದಿನ ಸೀಟು ಎತ್ತರ, ಸೀರೆ ಉಟ್ಟು ಒಂದೇ ಬದಿಗೆ ಕಾಲು ಹಾಕಿ ಕೂರಲಿಕ್ಕೆ ಆಗುತ್ತದಾ ಎಂಬ ಅನುಮಾನ ನನಗಿದೆ. ಬೆಲ್ಟು, ಬ್ರೇಕ್ ಪ್ಯಾಡು ಕಾಸರಗೋಡಿನಲ್ಲೇ ಸಿಗುತ್ತದಾ ಅಥವಾ ಪ್ರತಿಸಲ ಮಂಗಳೂರಿಗೇ ಹೋಗಬೇಕಾ ಎಂಬುದೂ ಗೊತ್ತಾಗಬೇಕು. ನಮ್ಮ ಕಡೆ ಇವೆರಡರಲ್ಲಿ ಒಂದನ್ನು ಒಂದು ಮಳೆಗಾಲವಾದರೂ ಓಡಿಸಿದವರು ಇದ್ದರೆ ದಯವಿಟ್ಟು ಬರೆಯಿರಿ. ಹಿಂದೆ ಕೂತವರು ಎಂತ ಹೇಳಿದರು ಎಂಬುದನ್ನು ಮೊದಲು ಬರೆಯಿರಿ.