ಸ್ಪಷ್ಟನೆ: ಪೋಕರ್ ಇಸ್ಪೀಟಿನಲ್ಲಿ ಒಂದೇ ಜಾತಿಯ ಎಲೆಗಳನ್ನು ಬಿಡಬಾರದೆಂಬ ಸಂದೇಶ ಸರಿಯಲ್ಲ

ಟೆಕ್ಸಾಸ್ ಹೋಲ್ಡೆಮ್ ಪೋಕರಿನಲ್ಲಿ ಕೈಗೆ ಬಂದ ಎರಡೂ ಎಲೆಗಳು ಒಂದೇ ಜಾತಿಯವಾಗಿದ್ದರೆ, ಅವು ಎಷ್ಟೇ ಸಣ್ಣವಾಗಿದ್ದರೂ ಫ್ಲಾಪ್ (ಎಲ್ಲರಿಗೂ ಸೇರಿದಂತೆ ಮೇಜಿನ ಮೇಲೆ ಮೊದಲು ತೆರೆಯುವ ಮೂರು ಎಲೆಗಳು) ನೋಡದೆ ಬಿಡಬಾರದು, ಮೂರು ಸಲಕ್ಕೆ ಒಮ್ಮೆ ಫ್ಲಶ್ (ಒಂದೇ ಜಾತಿಯ ಐದು ಎಲೆಗಳು) ಆಗುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಈ ಲೆಕ್ಕ ತಪ್ಪು.

ನಿಮ್ಮ ಎರಡನ್ನು ಕಳೆದರೆ ಉಳಿಯುವ 50 ಎಲೆಗಳಲ್ಲಿ ಆ ಜಾತಿಯವು 11 ಮಾತ್ರ. ಫ್ಲಾಪಿನ ಮೂರೂ ಎಲೆಗಳು ಅವುಗಳಿಂದಲೇ ಬರುವ ಸಾಧ್ಯತೆ 19,600ಕ್ಕೆ 165, ಅಂದರೆ ಸುಮಾರು 119 ಸಲಕ್ಕೆ ಒಮ್ಮೆ. ಮೇಜಿನ ಮೇಲೆ ಒಟ್ಟು ಐದೂ ಎಲೆಗಳು ಬೀಳುವವರೆಗೆ ಕಾದರೂ ಫ್ಲಶ್ ಆಗುವ ಸಾಧ್ಯತೆ ಶೇ 6.4. ಮೂರಕ್ಕೊಂದು ಎಂಬ ಅಂಕಿ ಬಹುಶಃ ಬೇರೊಂದು ಲೆಕ್ಕದ್ದು: ಫ್ಲಾಪಿನಲ್ಲಿ ಆ ಜಾತಿಯ ಎರಡು ಎಲೆಗಳು ಬಿದ್ದಾದ ಮೇಲೆ, ಉಳಿದೆರಡು ಎಲೆಗಳಲ್ಲಿ ಫ್ಲಶ್ ಪೂರ್ಣಗೊಳ್ಳುವ ಸಾಧ್ಯತೆ ಶೇ 35. ಆ ಸ್ಥಿತಿ ಒದಗುವುದೇ ಸುಮಾರು ಶೇ 11ರಷ್ಟು ಸಲ ಎಂಬುದನ್ನು ಸಂದೇಶ ಹೇಳಿಲ್ಲ.

ಜಾತಿ ಹೊಂದುವುದಕ್ಕೆ ಬೆಲೆಯೇ ಇಲ್ಲವೆಂದಲ್ಲ. ಯಾವುದೋ ಎರಡು ಎಲೆಗಳ ಎದುರು ಕೊನೆಯವರೆಗೆ ಆಡಿದರೆ ಬೇರೆ ಬೇರೆ ಜಾತಿಯ ಏಳು–ಎರಡರ ಗೆಲುವಿನ ಪಾಲು ಶೇ 35ರ ಹತ್ತಿರ, ಒಂದೇ ಜಾತಿಯದಾದರೆ ಶೇ 38, ಅಷ್ಟೇ ವ್ಯತ್ಯಾಸ. ಕಳಾವರ್ ಗುಲಾಮ–ನಾಲ್ಕರಂಥ ಕೈಗೆ ಫ್ಲಶ್ ಆದರೂ, ಎದುರಾಳಿಗೆ ಎಕ್ಕದ ಫ್ಲಶ್ ಆಗಿದ್ದರೆ ನಷ್ಟ ದೊಡ್ಡದು. ಆದ್ದರಿಂದ ಮೊದಲು ನಿರ್ಧರಿಸಬೇಕಾದ ಸ್ಥಾನದಲ್ಲಿ ಇಂಥ ಕೈಗಳನ್ನು ಬಿಡುವುದೇ ಲೇಸು. ಡೀಲರ್ ಬಟನ್ (ಫ್ಲಾಪ್ ನಂತರ ಕೊನೆಗೆ ನಿರ್ಧರಿಸುವ ಸ್ಥಾನದ ಗುರುತು) ನಿಮ್ಮ ಬಳಿ ಇದ್ದಾಗ, ಅಥವಾ ಬಿಗ್ ಬ್ಲೈಂಡ್ (ಎಲೆ ನೋಡುವ ಮುನ್ನವೇ ಕಡ್ಡಾಯವಾಗಿ ಹಾಕುವ ಪಣ) ಹಾಕಿದ ಮೇಲೆ ಅಲ್ಪ ಮೊತ್ತ ಸೇರಿಸಿದರೆ ಸಾಕಾದಾಗ, ಕೆಲವನ್ನು ಆಡಬಹುದು.

ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ ಗುಂಪುಗಳಿಗೆ ಮೇಲಿನ ಅಂಕಿಗಳನ್ನು ತಿಳಿಸಿ.