ನಿಮಗೆ ಯಾವ ಮರ ಆಗೋದಿಲ್ಲ?

ಬಾರ್ಸಿಲೋನಾಕ್ಕೆ ಬಂದ ಎರಡನೇ ವರ್ಷ. ಮಾರ್ಚ್ ತಿಂಗಳ ಕೊನೆ. ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು, ಮೂಗು ಸೋರುವುದು ನಿಲ್ಲುತ್ತಿರಲಿಲ್ಲ. ಮನೆ ಹತ್ತಿರದ ಔಷಧಿ ಅಂಗಡಿಗೆ ಹೋದೆ. ಅಲ್ಲಿದ್ದ ಹೆಂಗಸು ಮಾತ್ರೆ ತೆಗೆಯುವ ಮೊದಲು ಕೇಳಿದರು: "ನಿಮಗೆ ಆಗದೇ ಇರೋದು ಯಾವುದು? ಪ್ಲೇನ್ ಮರವಾ, ಸೈಪ್ರೆಸ್ಸಾ, ಗೋಡೆ ಗಿಡವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಿನಲ್ಲಿ ಚಿಕ್ಕಂದಿನಿಂದ ಸೀನಿಕೊಂಡೇ ಬೆಳೆದವನು ನಾನು. ಅಷ್ಟೂ ವರ್ಷ ನನ್ನ ಕಾಯಿಲೆಗೆ ಇದ್ದದ್ದು ಒಂದೇ ಹೆಸರು, 'ಡಸ್ಟ್ ಅಲರ್ಜಿ'. ಯಾವ ಧೂಳು, ಎಲ್ಲಿಂದ ಬಂತು, ಯಾವ ತಿಂಗಳಲ್ಲಿ ಜಾಸ್ತಿ ಎಂದು ಡಾಕ್ಟರೂ ಕೇಳಲಿಲ್ಲ, ನಾವೂ ಯೋಚಿಸಲಿಲ್ಲ. ಒಂದು ಮಾತ್ರೆ, ಮಲಗುವ ಮುಂಚೆ ಆವಿ, ಅಮ್ಮನ ಕಾಳುಮೆಣಸಿನ ಕಷಾಯ. ಅಷ್ಟೇ.

ನನ್ನನ್ನು ಕಾಡಿದ್ದು ಪ್ಲೇನ್ ಮರ ಎಂದು ಆಮೇಲೆ ಚರ್ಮದ ಪರೀಕ್ಷೆಯಲ್ಲಿ ಗೊತ್ತಾಯಿತು. ಈ ಊರಿನ ಬೀದಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಮರ ಅದು. ನಾನಿರುವ ಎಶಾಂಪ್ಲ ಬಡಾವಣೆಯಲ್ಲಂತೂ ಫುಟ್‌ಪಾತಿನ ಉದ್ದಕ್ಕೂ ಸಾಲಾಗಿ ನಿಂತಿದೆ. ಬೇಸಿಗೆಯಲ್ಲಿ ಅದರ ನೆರಳು ನಿಜವಾಗಿಯೂ ದೊಡ್ಡ ಉಪಕಾರ. ಆದರೆ ಮಾರ್ಚ್, ಏಪ್ರಿಲ್‌ನ ಕೆಲವು ವಾರ ಅದು ಗಾಳಿಗೆ ಬಿಡುವ ಪರಾಗ ಅಷ್ಟಿಷ್ಟಲ್ಲ. ಜೊತೆಗೆ ಹಿಂದಿನ ವರ್ಷದ ಕಾಯಿಗಳು ಒಡೆಯುತ್ತವೆ. ಒಂದು ಸಲ ಅಂಥ ಕಾಯಿಯನ್ನು ಕೈಯಲ್ಲಿ ಹಿಸುಕಿ ನೋಡಿದೆ. ಗೋಲಿಗಿಂತ ಸ್ವಲ್ಪ ದೊಡ್ಡದು. ಒತ್ತಿದ ಕೂಡಲೇ ಪುಡಿಪುಡಿಯಾಗಿ ಕಂದು ಬಣ್ಣದ ಕೂದಲಿನಂಥ ಎಳೆಗಳು ಬೆರಳಿಗೆಲ್ಲ ಅಂಟಿದವು. ಗಾಳಿ ಬಂದ ದಿನ ಇದೇ ಎಳೆಗಳು ಫುಟ್‌ಪಾತಿನ ಅಂಚಿನಲ್ಲಿ ಹತ್ತಿಯ ಹಾಗೆ ಉರುಳುತ್ತವೆ. ಅಲರ್ಜಿ ಇಲ್ಲದವರ ಗಂಟಲೂ ಕೆರೆಯುತ್ತದೆ.

ಮರ ಇದ್ದದ್ದೇ. ನನಗೆ ಮುಖ್ಯ ಅನಿಸಿದ್ದು ಬೇರೆ. ಇಲ್ಲಿ ಆ ಪರಾಗವನ್ನು ಎಣಿಸುತ್ತಾರೆ.

ಎತ್ತರದ ಕಟ್ಟಡದ ಮೇಲೆ ಒಂದು ಯಂತ್ರ ಇಡುತ್ತಾರೆ. ಅದು ನಿಮಿಷಕ್ಕೆ 10 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ, ಹೆಚ್ಚು ಕಡಿಮೆ ಮನುಷ್ಯರು ಉಸಿರಾಡುವಷ್ಟು. ಒಳಗೆ ನಿಧಾನವಾಗಿ ತಿರುಗುವ ಅಂಟು ಪಟ್ಟಿ ಇದೆ, ಪರಾಗದ ಕಣಗಳು ಅದಕ್ಕೆ ಬಂದು ಹತ್ತಿಕೊಳ್ಳುತ್ತವೆ. ಆಮೇಲೆ ಯಾರೋ ಒಬ್ಬರು ಮೈಕ್ರೊಸ್ಕೋಪಿನ ಮುಂದೆ ಕೂತು, ಇದು ಸೈಪ್ರೆಸ್, ಇದು ಆಲಿವ್, ಇದು ಹುಲ್ಲು ಎಂದು ಒಂದೊಂದಾಗಿ ಎಣಿಸುತ್ತಾರೆ. ಬಾರ್ಸಿಲೋನಾದ ಸ್ವಾಯತ್ತ ವಿಶ್ವವಿದ್ಯಾಲಯದವರು ನಡೆಸುವ ಕತಲೋನಿಯಾ ಪ್ರಾಂತ್ಯದ ಪರಾಗ ಎಣಿಕೆ ಜಾಲ ಈ ಲೆಕ್ಕವನ್ನು ವಾರವಾರ ಜನರಿಗೆ ಕೊಡುತ್ತದೆ. ಪ್ರತಿ ಗಿಡದ ಮುಂದೆ ಈಗಿನ ಮಟ್ಟ ಎಷ್ಟು, ಮುಂದಿನ ದಿನಗಳಲ್ಲಿ ಏರುತ್ತದಾ ಇಳಿಯುತ್ತದಾ ಎಂದು ಇರುತ್ತದೆ. ನಾನು ಅದನ್ನು ನೋಡಿಯೇ ಕಿಟಕಿ ಯಾವಾಗ ತೆಗೆಯಬೇಕು, ಬಟ್ಟೆ ಎಲ್ಲಿ ಒಣಗಿಸಬೇಕು, ಮಾತ್ರೆ ಯಾವತ್ತಿನಿಂದ ಶುರು ಮಾಡಬೇಕು ಎಂದು ತೀರ್ಮಾನಿಸುತ್ತೇನೆ.

ಗಾಳಿಯಲ್ಲಿ ಏನಿದೆ ಎಂದು ಹುಡುಕುವುದು ಎಷ್ಟು ಮುಖ್ಯ ಎಂದು ಈ ಊರು ಕಷ್ಟಪಟ್ಟೇ ಕಲಿತಿದೆ. 1981ರಿಂದ 1987ರವರೆಗೆ ಇಲ್ಲಿ 26 ಸಲ ಇದ್ದಕ್ಕಿದ್ದ ಹಾಗೆ ಒಂದೇ ದಿನ ತುಂಬಾ ಜನ ಉಸಿರು ಸಿಗದೆ ಆಸ್ಪತ್ರೆಗೆ ಓಡಿದ್ದರು. ಕೆಲವರು ಉಳಿಯಲಿಲ್ಲ. ಸಂಶೋಧಕ ಜೋಸೆಪ್ ಮರಿಯಾ ಆಂಟೊ ಮತ್ತು ಜೊತೆಗಾರರು ತಾರೀಕುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರು. ಆ ದಿನಗಳಲ್ಲೆಲ್ಲ ಬಂದರಿನಲ್ಲಿ ಹಡಗಿನಿಂದ ಸೋಯಾ ಇಳಿಸಿದ್ದರು. ಉಗ್ರಾಣಕ್ಕೆ ಸರಿಯಾದ ಫಿಲ್ಟರ್ ಇರಲಿಲ್ಲ, ಸೋಯಾ ಧೂಳು ಊರ ಮೇಲೆ ಹರಡುತ್ತಿತ್ತು. ಫಿಲ್ಟರ್ ಹಾಕಿದ ಮೇಲೆ ಅಂಥ ದಿನಗಳು ನಿಂತವು. ಸುಮ್ನೆ 'ಧೂಳು' ಎಂದು ಬಿಟ್ಟಿದ್ದರೆ ಇನ್ನೆಷ್ಟು ಜೀವ ಹೋಗುತ್ತಿತ್ತೋ.

ಈಗ ಮರಗಳ ವಿಷಯದಲ್ಲೂ ಹಾಗೇ, ಯಾವ ಜಾತಿ ಎಷ್ಟಿದೆ ಎಂದು ಲೆಕ್ಕ ನೋಡುತ್ತಾರೆ. ನಗರಸಭೆಯ 2017ರ ಮರಗಳ ಯೋಜನೆಯ ಗುರಿ, 2037ರ ಹೊತ್ತಿಗೆ ಊರಿನ ಒಟ್ಟು ಮರಗಳಲ್ಲಿ ಯಾವ ಒಂದು ಜಾತಿಯೂ ಶೇಕಡಾ 15ಕ್ಕಿಂತ ಜಾಸ್ತಿ ಇರಬಾರದು ಎಂಬುದು. ಚೆನ್ನಾಗಿರುವ ಮರವನ್ನು ಕಡಿಯದೆ, ಸತ್ತದ್ದರ ಜಾಗಕ್ಕೆ ಬೇರೆ ಜಾತಿ ನೆಡುವ ದಾರಿ ನನಗೆ ಇಷ್ಟ.

ಬೆಂಗಳೂರಿಗೆ ಹೋದಾಗೆಲ್ಲ ಇದೇ ತಲೆಯಲ್ಲಿ ತಿರುಗುತ್ತದೆ. ನಮ್ಮಲ್ಲಿ ಸೀನು ಬಂದರೆ ಕಣ್ಣಿಗೆ ಕಾಣುವ ಹೂವಿನ ಮೇಲೆ ತಪ್ಪು ಹೊರಿಸುತ್ತೇವೆ. ಟಬೂಬಿಯಾ ಅರಳಿತು, ಹೊಂಗೆ ಹೂ ಉದುರಿತು, ಅದಕ್ಕೇ ಮೂಗು ಕಟ್ಟಿತು ಅನ್ನುತ್ತೇವೆ. ಆದರೆ ಅವು ಜೇನಿಗಾಗಿ ಅರಳುವ ಹೂಗಳು. ಅವುಗಳ ಪರಾಗ ಭಾರ, ಅಂಟು ಅಂಟು, ಗಾಳಿಯಲ್ಲಿ ದೂರ ಹೋಗುವುದಿಲ್ಲ. ನಮಗೆ ತೊಂದರೆ ಕೊಡುವುದು ಹೆಚ್ಚಾಗಿ ಯಾರೂ ತಿರುಗಿ ನೋಡದ ಹುಲ್ಲು, ಕಳೆ. ಖಾಲಿ ಸೈಟಿನಲ್ಲೆಲ್ಲ ಬೆಳೆಯುವ ಕಾಂಗ್ರೆಸ್ ಗಿಡ ಮೂಗಿಗೂ ಆಗದು, ಚರ್ಮಕ್ಕೂ ಆಗದು. ಅದನ್ನು ತಿನ್ನಲಿ ಎಂದು 1984ರಲ್ಲಿ ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿನಲ್ಲೇ ಬಿಟ್ಟರು. ಗಿಡ ಇನ್ನೂ ಇದೆ.

ನಮ್ಮಲ್ಲಿ ತಿಳಿದವರಿಲ್ಲ ಎಂದಲ್ಲ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನಿ ಎಸ್.ಎನ್. ಅಗಾಶೆ ಅವರು ನಮ್ಮ ಊರಿನ ಗಾಳಿಯಲ್ಲಿರುವ ಪರಾಗವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಚಂಡೀಗಢದಲ್ಲಿ ಯಾವ ತಿಂಗಳು ಯಾವ ಪರಾಗ ಎಂದು ತಜ್ಞರು ಕ್ಯಾಲೆಂಡರ್ ಮಾಡಿದ್ದಾರೆ. ಆದರೆ ನಮ್ಮ ಅಮ್ಮನಂಥವರ ಕೈಗೆ ಈ ವಾರ ಗಾಳಿಯಲ್ಲಿ ಏನಿದೆ ಎಂಬ ಒಂದು ಸಾಲು ಸಿಗಬೇಕು. ಮಳೆ ಬರುತ್ತದೆ ಎಂದು ಟೀವಿಯಲ್ಲಿ ಹೇಳುವ ಹಾಗೆ ಇದನ್ನೂ ಹೇಳಬಹುದು, ಅಲ್ವಾ? ಉಬ್ಬಸ ಇರುವ ಮಗುವಿನ ಮನೆಯಲ್ಲಿ ಆ ಒಂದು ಸಾಲಿಗೆ ತುಂಬಾ ಬೆಲೆ ಇದೆ.

ಅಮ್ಮನಿಗೂ ಉಬ್ಬಸ. ಕಳೆದ ಸಲ ಹೋದಾಗ ಅಡುಗೆಮನೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಉಸಿರು ಕಟ್ಟಿದ ದಿನಕ್ಕೊಂದು ಗುರುತು ಹಾಕಿ, ಸುತ್ತಮುತ್ತ ಏನು ಹೂ ಬಿಟ್ಟಿದೆ ಅಂತಲೂ ಬರೆಯಮ್ಮ ಎಂದು ಹೇಳಿ ಬಂದೆ. ಮೊದಲು ಅವಳಿಗೆ ಅದು ಹಿಡಿಸಲಿಲ್ಲ. ಮೊನ್ನೆ ಫೋನ್ ಮಾಡಿದಾಗ ನಾನು ಕೇಳುವ ಮುಂಚೆ ಅವಳೇ ಹೇಳಿದಳು: "ಮೂಲೆ ಸೈಟಲ್ಲಿ ಕಾಂಗ್ರೆಸ್ ಗಿಡ ಪೂರ್ತಿ ಬೆಳ್ಳಗಾಗಿದೆ ಕಣೋ. ಮೂರು ದಿನದಿಂದ ಆ ಕಡೆ ಕಿಟಕಿ ತೆಗೆದಿಲ್ಲ. ರಾತ್ರಿ ನಿದ್ದೆ ಬಂತು."