ಕೃಷಿಗೆ ವಿನಾಯಿತಿ ಇತ್ತಲ್ವಾ!

ಇವತ್ತು ನಮ್ಮ ಕೊಡಗಿನ ಶನಿವಾರಸಂತೆಯಲ್ಲಿ ಮದುವೆ ಊಟ. ಪಕ್ಕದ ಎಲೆಗೆ ಕೂತಿದ್ದ ಬೆಂಗಳೂರಿನ ಮಹಾಶಯರು ಕೊರೊನಾ ವಿಷಯ ತೆಗೆದರು. "ನಾವೆಲ್ಲ ಒದ್ದಾಡಿಬಿಟ್ವಿ. ರೈತರು ನೀವೇ ಆರಾಮಾಗಿದ್ರಿ, ಕೃಷಿಗೆ ವಿನಾಯಿತಿ ಇತ್ತಲ್ವಾ!" ನೆಂಟರ ಮನೆ ಅಂತ ಸುಮ್ನಿದ್ದೆ. ಇಲ್ಲಿ ಸುಮ್ನಿರಲ್ಲ.

ಇತ್ತು ಸ್ವಾಮಿ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು, ಬೇಸಾಯಕ್ಕೆ ಅಡ್ಡಿಯಿಲ್ಲ ಅಂತ ಬೆನ್ನಿಗೇ ಆದೇಶವೂ ಬಂತು. ನಮ್ಮ ಗದ್ದೆಯಲ್ಲಿ ಹಸಿಮೆಣಸಿನಕಾಯಿ ಜೋತಾಡುತ್ತಿತ್ತು. ಕೀಳಬೇಡ ಅಂತ ಯಾರೂ ಅನ್ನಲಿಲ್ಲ. ಕಿತ್ತು ಯಾರಿಗೆ ಹಾಕೋದು? ಸಂತೆ ಇಲ್ಲ, ಹೋಟೆಲ್ ಇಲ್ಲ, ಮದುವೆ ಇಲ್ಲ. ಗಡಿಯ ಮಾಕುಟ್ಟದಲ್ಲಿ ಕೇರಳದ ರಸ್ತೆಗೆ ಮಣ್ಣು ಸುರಿದಿದ್ದರು. ವ್ಯಾಪಾರಿ ಫೋನೇ ಎತ್ತಲಿಲ್ಲ. ಕಾಯಿ ಗಿಡದಲ್ಲೇ ಹಣ್ಣಾದರೆ ಹೊಸ ಹೂವು ಸರಿಯಾಗಿ ನಿಲ್ಲಲ್ಲ. ಅದಕ್ಕೇ ಕೂಲಿ ಕೊಟ್ಟು ಕೀಳಿಸಿ, ಬದುವಿನ ಮೇಲೆ ಸುರಿಸಿದೆವು. ಗದ್ದೆ ಕಡೆಯಿಂದ ಗಾಳಿ ಬೀಸಿದರೆ ಕೊಳೆತ ಘಾಟು. ಅಮ್ಮ ಆ ಕಡೆ ಹೋಗೋದನ್ನೇ ಬಿಟ್ಟರು.

ಬೆಳೆಯೋಕೆ ವಿನಾಯಿತಿ, ಮಾರೋಕೆ ದೇವರೇ ಗತಿ. ಅದೂ 2018, 2019ರ ಮಳೆಯ ಹೊಡೆತ ತಿಂದು ಕೂತಿದ್ದ ಜಿಲ್ಲೆಗೆ!

ಕಾಫಿ ತೋಟಕ್ಕೆ ಏಪ್ರಿಲ್‌ನಲ್ಲಿ ಇನ್ನೊಂದು ನಿಯಮ: ಅರ್ಧದಷ್ಟು ಜನ ಮಾತ್ರ. ತೋಟದ ಮರಗಳಿಗೆ ಹಬ್ಬಿಸಿದ ಕಾಳುಮೆಣಸು ಕುಯ್ಯೋ ಹೊತ್ತು. ಏಣಿ ಹತ್ತೋನೊಬ್ಬ, ಹಿಡಿಯೋನೊಬ್ಬ. ಯಾರನ್ನ ಮನೆಗೆ ಕಳಿಸೋದು ಅಂತ ನಿಯಮ ಬರೆದವರು ಹೇಳಲಿಲ್ಲ.

"ಆ ವರ್ಷ ದೇಶವೇ ಕುಸಿದರೂ ಕೃಷಿ ಬೆಳೀತಲ್ಲ" ಅಂತಲೂ ಆ ಮಹಾಶಯರು ಸೇರಿಸಿದರು. ನಿಜ, 2020-21ರಲ್ಲಿ ಕೃಷಿ ಬೆಳವಣಿಗೆ ಶೇ 3ಕ್ಕಿಂತ ಜಾಸ್ತಿ ಇತ್ತು. ಆ ಲೆಕ್ಕ ಬೆಳೆದಿದ್ದರದ್ದು. ನನ್ನ ಜೇಬಿಗೆ ಬಂದಿದ್ದರದ್ದಲ್ಲ. ಕಾಫಿಗೆ ರೇಟ್ ಬಂತಲ್ಲ ಅಂತೀರಾ? 2021ರ ಜುಲೈನಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸುಟ್ಟ ಮೇಲೆ ಏರಿದ ರೇಟ್ ಅದು. 2020ರ ಬೇಸಿಗೆಯಲ್ಲಿ ಕೂಲಿ ಕೊಡೋಕೆ ಅದು ಒದಗಲಿಲ್ಲ. ಸಾಲದ ಕಂತು ಆಗಸ್ಟ್ ತನಕ ಮುಂದಕ್ಕೆ ಹೋಯಿತು, ಬಡ್ಡಿ ಓಡುತ್ತಲೇ ಇತ್ತು.

ಇಷ್ಟು ಬರೆದ ಮೇಲೆ ಇದನ್ನೂ ಹೇಳಿಬಿಡ್ತೀನಿ. ಆಗ ನನಗೆ ಜಾಸ್ತಿ ಸಿಟ್ಟು ಬಂದಿದ್ದು ಸರ್ಕಾರದ ಮೇಲಲ್ಲ, ಸ್ವಂತ ತಮ್ಮನ ಮೇಲೆ. ಬೆಂಗಳೂರಿಂದ ಬಂದು ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ತಿಂಗಳಾದರೆ ಸಂಬಳ. ಒಂದು ಸಂಜೆ, "ನೀನಾದ್ರೂ ಹೊರಗೆ ಓಡಾಡ್ತೀಯಲ್ಲ ಅಣ್ಣಾ" ಅಂದ.

ಹೌದಪ್ಪ, ಓಡಾಡ್ತಿದ್ದೆ. ಮೆಣಸಿನಕಾಯಿಗೆ ಗಿರಾಕಿ ಹುಡುಕಿಕೊಂಡು.